ಇಂಡಿಯಾ ಅಂಡರ್-17: ಎಲ್ಲ ಹುಟ್ಟಿದ ವರ್ಷದ ಲೆಕ್ಕ

ಕಾರವಾರದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವರಿಗೆ ಪಾಲಕರಿಂದ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ. "ಮಾಸ್ತರೇ, ನಮ್ಮ ಹುಡುಗ ಇಂಡಿಯಾ ಟೀಮಿಗೆ ಆಗ್ತಾನಾ?" ನಾನು ತಿರುಗಿ ಕೇಳುವುದೂ ಒಂದೇ. ಹುಟ್ಟಿದ್ದು ಯಾವ ವರ್ಷ? ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. ಹುಡುಗನ ಡ್ರಿಬ್ಲಿಂಗ್ ನೋಡದೆ ಜಾತಕ ಕೇಳ್ತಾರಲ್ಲ ಅಂತ. ಆದರೆ ಕಿರಿಯರ ರಾಷ್ಟ್ರೀಯ ತಂಡದ ವಿಷಯದಲ್ಲಿ ಮಾತು ಶುರುವಾಗುವುದೇ ಅಲ್ಲಿಂದ.

ದೊಡ್ಡವರ ತಂಡ ಮುಂದುವರಿಯುತ್ತಾ ಹೋಗುತ್ತದೆ. ಸುನಿಲ್ ಚೆಟ್ರಿ 2005ರಲ್ಲಿ ಭಾರತಕ್ಕೆ ಆಡಲು ಶುರು ಮಾಡಿದವರು 2025ರಲ್ಲೂ ಆಡಿದರು. ಕಿರಿಯರಲ್ಲಿ ಆ ಮಾತೇ ಇಲ್ಲ. ಅಂಡರ್-17 ಅಂದರೆ ಇಂಥ ವರ್ಷದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು, ಅಷ್ಟೇ. ಟೂರ್ನಿ ಮುಗಿಯಿತು ಅಂದರೆ ಆ ತಂಡವೂ ಮುಗಿಯಿತು. ಮುಂದಿನ ಸಲ ಜೆರ್ಸಿ ಅದೇ, ಹುಡುಗರು ಬೇರೆ. ಹಾಗಾಗಿ ಈ ತಂಡದ ಇತಿಹಾಸವನ್ನು ಗೆಲುವು-ಸೋಲಿನ ಪಟ್ಟಿಯಾಗಿ ಓದಿದರೆ ಏನೂ ತಿಳಿಯುವುದಿಲ್ಲ. ಆ ವರ್ಷ ಹುಟ್ಟಿದ ಹುಡುಗರಿಗೆ ಅದಕ್ಕೂ ಮೊದಲಿನ ಆರೇಳು ವರ್ಷ ಎಷ್ಟು ಮ್ಯಾಚ್ ಸಿಕ್ಕಿತ್ತು, ಮುಗಿದ ಮೇಲೆ ಆಡಲು ಎಲ್ಲಿ ಜಾಗ ಸಿಕ್ಕಿತು ಅಂತ ಕೇಳಬೇಕು.

ನಮ್ಮ ಕಿರಿಯರ ದೊಡ್ಡ ಗೆಲುವು ಬಹಳ ಹಳೆಯದು. 1974, ಬ್ಯಾಂಕಾಕ್. ಏಷ್ಯಾ ಯೂತ್ ಚಾಂಪಿಯನ್‌ಷಿಪ್. ಕೋಚ್ ಅರುಣ್ ಘೋಷ್, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಡಿಫೆಂಡರ್. ಕ್ಯಾಪ್ಟನ್ ಹೈದರಾಬಾದಿನ ಶಬ್ಬೀರ್ ಅಲಿ. ಫೈನಲ್‌ನಲ್ಲಿ ಇರಾನ್ ಎದುರು 2-2. ಆಗಿನ ಪದ್ಧತಿಯಂತೆ ಎರಡೂ ತಂಡಕ್ಕೆ ಪ್ರಶಸ್ತಿ ಹಂಚಿದರು. ಇರಾನ್ ಅಂದರೆ ಸುಮ್ನೆ ಅಲ್ಲ. 1973ರಿಂದ 1976ರವರೆಗೆ ನಾಲ್ಕು ವರ್ಷವೂ ಆ ಪ್ರಶಸ್ತಿಯಲ್ಲಿ ಅವರ ಹೆಸರಿದೆ, ಒಬ್ಬರೇ ಗೆದ್ದೋ ಹಂಚಿಕೊಂಡೋ. ಅಂಥವರನ್ನು ನಮ್ಮ ಹುಡುಗರು ಕಟ್ಟಿಹಾಕಿದ್ದರು.

ಆದರೆ ಗೆದ್ದು ಹೋಗುವುದು ಎಲ್ಲಿಗೆ? ಕಿರಿಯರ ವಿಶ್ವ ಟೂರ್ನಿ ಅಂತ ಆಗ ಇರಲೇ ಇಲ್ಲ. ಅದು ಶುರುವಾಗಿದ್ದು 1977ರಲ್ಲಿ, ಟ್ಯುನೀಷಿಯಾದಲ್ಲಿ. ಇರಾನ್ ಅಲ್ಲಿ ಆಡಿತು. ನಾವು ಆ ಟೂರ್ನಿಗೆ, ಅಂದರೆ ಈಗಿನ ಅಂಡರ್-20 ವಿಶ್ವಕಪ್‌ಗೆ, ಇಂದಿಗೂ ಹೋಗಿಲ್ಲ.

ಯಾಕೆ ಹೋಗಿಲ್ಲ ಅಂದರೆ, ಪ್ರತಿಭೆ ಇಲ್ಲ ಅನ್ನುವುದು ಸೋಮಾರಿ ಉತ್ತರ. ನಮ್ಮಲ್ಲಿ ಮಕ್ಕಳ ಫುಟ್‌ಬಾಲ್ ಬಹುಕಾಲ ನಡೆದದ್ದು ನಾಕೌಟ್ ಮೇಲೆ. ಶಾಲೆಗಳ ಸುಬ್ರತೋ ಕಪ್ 1960ರಿಂದ ಇದೆ, ಜೂನಿಯರ್ ನ್ಯಾಷನಲ್ಸ್‌ನ ಬಿ.ಸಿ. ರಾಯ್ ಟ್ರೋಫಿ 1962ರಿಂದ ಇದೆ. ಒಳ್ಳೆಯ ಟೂರ್ನಿಗಳು, ಬೇಡ ಅನ್ನುವುದಿಲ್ಲ. ಆದರೆ ಸೋತರೆ ಗಂಟುಮೂಟೆ ಕಟ್ಟಬೇಕು. ಈಗಲೂ ನಮ್ಮ ಜಿಲ್ಲೆಯನ್ನೇ ನೋಡಿ. ಕಾರವಾರ, ಶಿರಸಿ ಎರಡೂ ಬೇರೆ ಬೇರೆ ಶೈಕ್ಷಣಿಕ ಜಿಲ್ಲೆ. ಶಾಲಾ ಕ್ರೀಡಾಕೂಟ ನಡೆಯುವುದು ಮಳೆಗಾಲದ ಹೊತ್ತಿಗೆ, ಮೈದಾನದಲ್ಲಿ ಪಾದ ಮುಚ್ಚುವಷ್ಟು ನೀರು. ತಾಲೂಕು ಮಟ್ಟದ ಮೊದಲ ಮ್ಯಾಚ್ ಸೋತ ಹುಡುಗನಿಗೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಮುಂದೆ ಸಮುದ್ರದ ದಂಡೆಯಲ್ಲಿ ಬರಿಗಾಲಲ್ಲಿ ಆಡಿಕೊಳ್ಳಬೇಕು, ಇಲ್ಲವೆ ಬೇಸಿಗೆಯ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಹೋಗಬೇಕು. ಹೆಚ್ಚಿನವರು ಎರಡನೆಯದನ್ನೇ ಆರಿಸುತ್ತಾರೆ.

ಮ್ಯಾಚ್ ಆಡದೆ ಕಲಿಯಲಾಗದ ಸಂಗತಿ ಯಾವುದು ಅಂತ ಕೇಳಿದರೆ ನಾನು 2017ರ ಅಕ್ಟೋಬರ್ 9ರ ಎರಡು ನಿಮಿಷ ತೋರಿಸುತ್ತೇನೆ. ಭಾರತದಲ್ಲೇ ನಡೆದ ಅಂಡರ್-17 ವಿಶ್ವಕಪ್. ಆತಿಥೇಯರು ಅಂತ ನಮಗೆ ನೇರ ಪ್ರವೇಶ. ದಿಲ್ಲಿಯ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲಿ ಕೊಲಂಬಿಯಾ 1-0 ಮುಂದಿದೆ. 82ನೇ ನಿಮಿಷ, ನಮಗೊಂದು ಕಾರ್ನರ್. ತೆಗೆದವನು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಚೆಂಡು ಬಾಕ್ಸಿನೊಳಗೆ ಇಳಿಯುವಾಗ ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಗೋಲ್. ಯಾವುದೇ ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲ್ ಅದು. ಸ್ಟೇಡಿಯಂ ಎದ್ದು ಕುಣಿಯಿತು, ಟೀವಿ ಮುಂದಿದ್ದ ನಾವೂ ಕುಣಿದೆವು. ಕುಣಿತ ನಿಲ್ಲುವ ಮೊದಲೇ ಕೊಲಂಬಿಯಾದ ಪೆನಲೋಸಾ ಇನ್ನೊಂದು ಹೊಡೆದಿದ್ದ. 2-1. ಮುಗಿಯಿತು.

ಗೋಲ್ ಹೊಡೆದ ಮರುನಿಮಿಷ ಎಲ್ಲ ತಂಡಕ್ಕೂ ಅಪಾಯದ್ದೇ. ಖುಷಿಯಲ್ಲಿ ಸಾಲು ಒಡೆದಿರುತ್ತದೆ, ಇನ್ನೊಂದು ಬೇಕು ಅಂತ ಎಲ್ಲರ ಕಾಲೂ ಮುಂದೆ ಓಡುತ್ತಿರುತ್ತದೆ. ಆಗ ಯಾರೋ ಒಬ್ಬ "ಹಿಂದೆ ಬನ್ನಿ, ಹಿಂದೆ ಬನ್ನಿ" ಅಂತ ಕೂಗಬೇಕು. ಆ ಕೂಗನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟರೆ ಬರುವುದಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕನೇ ವಯಸ್ಸಿನಲ್ಲಿ ವಾರಕ್ಕೊಂದು ಲೀಗ್ ಮ್ಯಾಚ್ ಆಡಿ, ಹೀಗೇ ಐದಾರು ಸಲ ಪೆಟ್ಟು ತಿಂದವನಿಗೆ ತಾನಾಗಿ ಬರುತ್ತದೆ. ನಮ್ಮ ಹುಡುಗರನ್ನು ದೇಶ ಸುತ್ತಿ ಹುಡುಕಿ, ಕ್ಯಾಂಪಿನಲ್ಲಿಟ್ಟು, ವಿದೇಶಕ್ಕೆ ಕಳಿಸಿ ತಯಾರು ಮಾಡಿದ್ದು ಸುಳ್ಳಲ್ಲ. ಕ್ಯಾಂಪ್ ಮೈಕಟ್ಟು ಕೊಡುತ್ತದೆ, ಶಿಸ್ತು ಕೊಡುತ್ತದೆ. ಕ್ಯಾಂಪಿಗೆ ಬರುವ ಮೊದಲು ಆಡದೆ ಬಿಟ್ಟ ಮ್ಯಾಚುಗಳನ್ನು ವಾಪಸ್ ಕೊಡುವುದಿಲ್ಲ. ಅಮೆರಿಕ ಎದುರು 0-3, ಘಾನಾ ಎದುರು 0-4. ಆ ಅಂಕಿಗಳಿಗಿಂತ ಕೊಲಂಬಿಯಾ ಎದುರಿನ ಆ ಒಂದು ನಿಮಿಷವೇ ಜಾಸ್ತಿ ಹೇಳುತ್ತದೆ ಅಂತ ನನ್ನ ಅನಿಸಿಕೆ.

ಹೋಲಿಸಲು ಇರಾನನ್ನೇ ತೆಗೆದುಕೊಳ್ಳಿ. 2016ರಲ್ಲಿ ಅಂಡರ್-17 ವಿಶ್ವಕಪ್‌ಗೆ ಅರ್ಹತೆ ಕೊಡುವ ಏಷ್ಯಾ ಅಂಡರ್-16 ಟೂರ್ನಿ ಗೋವಾದಲ್ಲಿ ನಡೆದಾಗ ಅವರು ನಮ್ಮನ್ನು 3-0ರಿಂದ ಸೋಲಿಸಿದರು. ಮರುವರ್ಷ ಅದೇ ವಯಸ್ಸಿನ ಇರಾನಿ ಹುಡುಗರು ಮಡಗಾಂವಿನ ಫತೋರ್ಡಾದಲ್ಲಿ ಜರ್ಮನಿಯನ್ನು 4-0ರಿಂದ ಹೊಡೆದರು. ಹೌದು, ಜರ್ಮನಿಯನ್ನೇ! ಕಾರವಾರದಿಂದ ರೈಲು ಹತ್ತಿದರೆ ಒಂದೂವರೆ ತಾಸಿನ ದಾರಿ, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ವಿಶ್ವಕಪ್ ನಮ್ಮ ಮನೆ ಬಾಗಿಲಿಗೇ ಬಂದು ಹೋಯಿತು.

ಮುಂದಿನ ವರ್ಷ, 2018ರಲ್ಲಿ, ನಡೆದದ್ದು ನನಗೆ ವಿಶ್ವಕಪ್‌ಗಿಂತ ಮುಖ್ಯ ಅನಿಸುತ್ತದೆ, ಆದರೆ ನಮ್ಮಲ್ಲಿ ಅದರ ನೆನಪು ಯಾರಿಗೂ ಇಲ್ಲ. ಗೋವಾದ ಬಿಬಿಯಾನೊ ಫರ್ನಾಂಡಿಸ್ ಕೋಚ್ ಆಗಿದ್ದ ಅಂಡರ್-16 ತಂಡ ಅದೇ ಏಷ್ಯಾ ಟೂರ್ನಿಯಲ್ಲಿ, ಮಲೇಷ್ಯಾದಲ್ಲಿ, ವಿಯೆಟ್ನಾಮನ್ನು 1-0ರಿಂದ ಸೋಲಿಸಿತು. ಇರಾನ್, ಇಂಡೋನೇಷ್ಯಾ ಎರಡರ ಜೊತೆಯೂ 0-0. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾಕ್ಕೆ 0-1ರಿಂದ ಸೋತಿತು. ಗೆದ್ದಿದ್ದರೆ ಆತಿಥ್ಯದ ಹಂಗಿಲ್ಲದೆ ವಿಶ್ವಕಪ್. ಇಡೀ ಟೂರ್ನಿಯಲ್ಲಿ ಬಿಟ್ಟುಕೊಟ್ಟದ್ದು ಅದೊಂದೇ ಗೋಲ್. ಅದೇ ವರ್ಷ ಸ್ಪೇನಿನ ಕೋಟಿಫ್ ಕಪ್‌ನಲ್ಲಿ ನಮ್ಮ ಅಂಡರ್-20 ಹುಡುಗರು ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದ್ದರು. ಎದುರಾಳಿ ಕೋಚ್ ಲಿಯೊನೆಲ್ ಸ್ಕಲೋನಿ, ನಾಲ್ಕು ವರ್ಷದ ಮೇಲೆ ಕತಾರ್‌ನಲ್ಲಿ ದೊಡ್ಡವರ ವಿಶ್ವಕಪ್ ಎತ್ತಿದವರು.

ಹುಟ್ಟಿದ ವರ್ಷ ಎಷ್ಟು ಕ್ರೂರವಾಗಬಹುದು ಅಂತ ಗೊತ್ತಾಗುವುದು ಅದರ ನಂತರ. 2004ರಲ್ಲಿ ಹುಟ್ಟಿದವರ ತಂಡ 2019ರಲ್ಲಿ ತಾಷ್ಕೆಂಟಿನಲ್ಲಿ ಗುಂಪಿಗೆ ಮೊದಲಾಗಿ ಅರ್ಹತೆ ಗಿಟ್ಟಿಸಿತು. ಕೊರೋನಾ ಬಂತು, ಮುಖ್ಯ ಟೂರ್ನಿ ರದ್ದಾಯಿತು. ದೊಡ್ಡವರ ಟೂರ್ನಿ ಮುಂದೆ ಹಾಕಬಹುದು, ಒಲಿಂಪಿಕ್ಸ್ ಮುಂದೆ ಹಾಕಿದರಲ್ವಾ? ಹದಿನಾರರ ವಯಸ್ಸನ್ನು ಮುಂದೆ ಹಾಕಲು ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಇನ್ನೂ ಕೆಟ್ಟದ್ದಾಯಿತು. 2020ರಲ್ಲಿ ಭಾರತದಲ್ಲಿ ನಡೆಯಬೇಕಿದ್ದ ಅಂಡರ್-17 ಮಹಿಳಾ ವಿಶ್ವಕಪ್ ರದ್ದಾಗಿ 2022ಕ್ಕೆ ಬಂತು. 2003, 2004ರಲ್ಲಿ ಹುಟ್ಟಿ ಅದಕ್ಕಾಗಿ ಬೆವರು ಸುರಿಸಿದ ಹುಡುಗಿಯರಿಗೆ ಆ ಹೊತ್ತಿಗೆ ವಯಸ್ಸು ಮೀರಿತ್ತು. ಹೊಸದಾಗಿ ಕಟ್ಟಿದ ತಂಡ ಅಮೆರಿಕ, ಮೊರಾಕೊ, ಬ್ರೆಜಿಲ್ ಮೂರಕ್ಕೂ ಸೋತಿತು. ಮೊದಲ ಮ್ಯಾಚಿನಲ್ಲಿ 0-8. ಜನ ನಕ್ಕರು. ಆ ಹುಡುಗಿಯರಿಗೆ ತಯಾರಿಗೆ ಸಿಕ್ಕ ಸಮಯ ಎಷ್ಟು ಅಂತ ಯಾರೂ ಕೇಳಲಿಲ್ಲ.

ಇನ್ನು ಹುಟ್ಟಿದ ತಾರೀಕಿನ ಇನ್ನೊಂದು ಮಗ್ಗುಲು, ನಾವು ಕೋಚ್‌ಗಳು ಪಾಲಕರ ಜೊತೆ ಮುಜುಗರದಿಂದಲೇ ಮಾತಾಡುವ ವಿಷಯ. ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಜನರ ಹುಟ್ಟುಹಬ್ಬ ಜೂನ್ 1 ಅಂತ ಲೆಕ್ಕ ಹಾಕಿ ನೋಡಿ. ಶಾಲೆಗೆ ಸೇರಿಸುವಾಗ ಮಾಸ್ತರರು ವಯಸ್ಸು ಹೊಂದಿಸಿ ಬರೆದ ತಾರೀಕು ಅದು. ಅದರಲ್ಲಿ ಮೋಸವೇನೂ ಇರಲಿಲ್ಲ. ಆದರೆ ಕ್ರೀಡೆಯಲ್ಲಿ ಒಂದೆರಡು ವರ್ಷ ಕಡಿಮೆ ಬರೆಸುವ ಚಾಳಿ ದೇಶದ ತುಂಬ ಬೆಳೆಯಿತು. ಅಂಡರ್-14ರಲ್ಲಿ ಮೀಸೆ ಬಂದವನು ನಾಲ್ಕು ಗೋಲ್ ಹೊಡೆಯುತ್ತಾನೆ, ಕಪ್ ಸಿಗುತ್ತದೆ, ನಿಜವಾಗಿ ಹದಿಮೂರು ತುಂಬಿದವನು ಬೆಂಚಿನಲ್ಲಿ ಕೂರುತ್ತಾನೆ. ನಾಲ್ಕು ವರ್ಷದ ಮೇಲೆ ಮೀಸೆಯವನ ಆಟ ಅಲ್ಲೇ ನಿಂತಿರುತ್ತದೆ, ಬೆಂಚಿನವನು ಆಟ ಬಿಟ್ಟಿರುತ್ತಾನೆ.

ಈಗ ಕಾಗದಕ್ಕಿಂತ ಮಣಿಕಟ್ಟು ಸತ್ಯ ಹೇಳುತ್ತದೆ. ಫಿಫಾ 2009ರ ಅಂಡರ್-17 ವಿಶ್ವಕಪ್‌ನಿಂದ ಎಂಆರ್‌ಐ ತಂದಿತು. ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ಎಲುಬಿನ ತುದಿಯಲ್ಲಿ, ಮಣಿಕಟ್ಟಿಗೆ ತಾಗಿ, ಬೆಳವಣಿಗೆಯ ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಹುಡುಗ ಬೆಳೆದಂತೆ ಆ ಪಟ್ಟಿ ಮುಚ್ಚುತ್ತಾ ಬಂದು ಕೊನೆಗೆ ಎಲುಬೇ ಆಗುತ್ತದೆ. ಅದನ್ನು ಆರು ಹಂತ ಮಾಡಿದ್ದಾರೆ. ಆರನೆಯದೆಂದರೆ ಪಟ್ಟಿ ಪೂರ್ತಿ ಕೂಡಿಕೊಂಡಿದೆ ಅಂತ. ಹದಿನೇಳರೊಳಗಿನ ಹುಡುಗರಲ್ಲಿ ಅದು ತೀರಾ ಅಪರೂಪ, ಹಾಗಾಗಿ ಆರು ಬಂದರೆ ಮನೆಗೆ. ಎಕ್ಸ್‌ರೇ ತರಹ ವಿಕಿರಣದ ಭಯವೂ ಇಲ್ಲ. ಹುಡುಗಿಯರ ಎಲುಬು ಬೇಗ ಕೂಡುವುದರಿಂದ ಅವರಿಗೆ ಈ ಅಳತೆ ಆಗಿಬರುವುದಿಲ್ಲ. ಒಂದು ಮಾತು ನೆನಪಿಡಿ: ಈ ಪರೀಕ್ಷೆ ಹುಟ್ಟಿದ ದಿನ ಹೇಳುವುದಿಲ್ಲ, ಮೀರಿದವನನ್ನು ಹಿಡಿಯುತ್ತದೆ ಅಷ್ಟೇ.

ಮೋಸವೇ ಇಲ್ಲದಿದ್ದರೂ ತಾರೀಕು ತನ್ನ ಆಟ ಆಡುತ್ತದೆ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನವನಿಗೂ ಸಾಲು ಒಂದೇ, ಆದರೆ ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಎರಡು ಇಂಚಿನಷ್ಟು ಎತ್ತರ. ಟ್ರಯಲ್ಸ್‌ನಲ್ಲಿ ಕಣ್ಣು ಮೊದಲು ಎತ್ತರದವನ ಮೇಲೆ ಹೋಗುತ್ತದೆ. ಜೀಕ್ಸನ್ ಕೂಡ ಮೊದಲ ಆಯ್ಕೆಯಲ್ಲಿ ಇರಲಿಲ್ಲ, ಕೋಚ್ ಬದಲಾದ ಮೇಲೆ ಒಳಗೆ ಬಂದ. 2000ದಲ್ಲಿ ಹುಟ್ಟಿದವರಿಗೂ ಅವಕಾಶ ಇದ್ದ ಆ ತಂಡದಲ್ಲಿ ಅವನು 2001ರ ಜೂನ್‌ನಲ್ಲಿ ಹುಟ್ಟಿದವನು.

ಮುಗಿದ ಮೇಲೆ ಏನು ಅನ್ನುವುದಕ್ಕೂ 2017ರ ತಂಡವೇ ಉದಾಹರಣೆ. ಆ ಹುಡುಗರಲ್ಲಿ ಹಲವರನ್ನು ಫೆಡರೇಷನ್ ಇಂಡಿಯನ್ ಆ್ಯರೋಸ್ ಅನ್ನುವ ತಂಡ ಮಾಡಿ ದೇಶದ ಕ್ಲಬ್‌ಗಳು ಆಡುವ ಐ-ಲೀಗ್‌ನಲ್ಲಿ ದೊಡ್ಡವರ ಎದುರು ಆಡಿಸಿತು. ಸೋತರು, ಆದರೆ ಆಡಿದರು. ಜೀಕ್ಸನ್, ಅನ್ವರ್ ಅಲಿ, ಬೆಂಗಳೂರು ಎಫ್‌ಸಿಯ ಸುರೇಶ್ ಸಿಂಗ್ ಮುಂದೆ ದೊಡ್ಡವರ ಭಾರತ ತಂಡಕ್ಕೆ ಬಂದರು. 2022ರಲ್ಲಿ ಆ್ಯರೋಸ್ ಮುಚ್ಚಿದರು. ಇಂಥದ್ದು ನಮ್ಮ ಜಿಲ್ಲೆಗೆ ಹೊಸದಲ್ಲ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು, ಕೆಲವೇ ವರ್ಷಕ್ಕೆ ಆ ಯೋಜನೆ ನಿಲ್ಲಿಸಿತು. ಪದಕ ಬರುವ ವಯಸ್ಸಿಗೆ ಬರುವ ಮೊದಲೇ ಹೆಚ್ಚಿನ ಮಕ್ಕಳು ಊರಿಗೆ ಬಂದರು.

2025ರ ನವೆಂಬರ್ ಕೊನೆಯಲ್ಲಿ ಅಹಮದಾಬಾದಿನಲ್ಲಿ ಮತ್ತೆ ಇರಾನ್. ಅಂಡರ್-17 ಏಷ್ಯನ್ ಕಪ್ ಅರ್ಹತಾ ಸುತ್ತಿನ ಕೊನೆಯ ಮ್ಯಾಚ್. ಅದಕ್ಕೂ ಮೊದಲು ಲೆಬನಾನ್‌ಗೆ ಸೋತಿದ್ದರಿಂದ ಗೆಲ್ಲಲೇಬೇಕಿತ್ತು. ಮೊದಲ ಗೋಲ್ ಇರಾನ್‌ದು. ವಿರಾಮಕ್ಕೆ ಮುಂಚೆ ಪೆನಾಲ್ಟಿಯಲ್ಲಿ ಸಮ, ವಿರಾಮದ ಬೆನ್ನಿಗೇ ಇನ್ನೊಂದು. 2-1. ಆಮೇಲೆ ಉಳಿದ ಮೂವತ್ತೈದು-ನಲವತ್ತು ನಿಮಿಷ ಆ ಮುನ್ನಡೆ ಬಿಡಲಿಲ್ಲ. ಕೋಚ್ ಅದೇ ಬಿಬಿಯಾನೊ. 2017ರಲ್ಲಿ ಒಂದು ನಿಮಿಷ ಹಿಡಿಯಲಾಗದ್ದನ್ನು ಇವರು ಅರ್ಧ ಮ್ಯಾಚ್ ಹಿಡಿದರು. ನಡುವೆ ಕಿರಿಯರ ಲೀಗ್‌ಗಳು ಬಂದಿವೆ, ಹುಡುಗರು ವರ್ಷದಲ್ಲಿ ಆಡುವ ಮ್ಯಾಚ್ ಜಾಸ್ತಿಯಾಗಿದೆ. ನನಗೆ ಕಾಣುವ ಕಾರಣ ಅದೇ.

ಇನ್ನೊಂದು ಬದಲಾವಣೆ ಪಾಲಕರಿಗೆ ನೇರ ಸಂಬಂಧಿಸಿದ್ದು. ಮೊದಲು ಅಂಡರ್-17 ವಿಶ್ವಕಪ್ ಎರಡು ವರ್ಷಕ್ಕೊಮ್ಮೆ. ತಪ್ಪು ವರ್ಷದಲ್ಲಿ ಹುಟ್ಟಿದವನು ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಗುದ್ದಾಡಬೇಕಿತ್ತು. 2025ರಿಂದ ಅದು ಪ್ರತಿವರ್ಷ, ತಂಡಗಳು 24ರ ಬದಲು 48. 2029ರವರೆಗೂ ಕತಾರ್‌ನಲ್ಲೇ. ಅಂದರೆ ಈಗ ಪ್ರತಿ ಹುಟ್ಟಿದ ವರ್ಷಕ್ಕೂ ಒಂದು ಟೂರ್ನಿ. 2029ರದ್ದು 2012ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆ. ಆ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ, ಸದಾಶಿವಗಡದಲ್ಲೂ ಇದ್ದಾರೆ, ಶಿರಸಿಯಲ್ಲೂ ಇದ್ದಾರೆ. ಅವರ ಪಾಲಕರು ಮೊದಲು ಮಾಡಬೇಕಾದ್ದು ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ತಾರೀಕು ಒಂದೇ ಇದೆಯಾ ಅಂತ ನೋಡುವುದು. ಎರಡನೆಯದು, ಬೂಟಿಗೆ ದುಡ್ಡು ಹಾಕುವ ಮೊದಲು ಆ ತರಬೇತಿ ಕೇಂದ್ರದವರನ್ನು ಕೇಳುವುದು: ವರ್ಷಕ್ಕೆ ಎಷ್ಟು ಮ್ಯಾಚ್ ಆಡಿಸ್ತೀರಿ ಸರ್? ಉತ್ತರ ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ, ಹುಲ್ಲುಹಾಸು ಎಷ್ಟೇ ಚೆಂದ ಇರಲಿ, ಬೇರೆ ಕಡೆ ನೋಡಿ.