ಫ್ರಿಂಜ್ ಎಂದರೆ ಸಮೋಷ್ಣ ರೇಖೆ ಅಲ್ಲ

ಬಿಸಿ ತಟ್ಟೆಯ ಸುತ್ತ ಕಪ್ಪು-ಬಿಳಿ ಪಟ್ಟೆಗಳ ಫೋಟೊ, ಅದರ ಕೆಳಗೆ 'ಸಮೋಷ್ಣ ರೇಖೆಗಳು' (ಒಂದೇ ಉಷ್ಣತೆಯ ಬಿಂದುಗಳನ್ನು ಕೂಡಿಸುವ ಗೆರೆಗಳು) ಎಂಬ ಅಡಿಬರಹ. ಕಾರವಾರದಿಂದ ಸಿರ್ಸಿಯವರೆಗೆ ಪ್ರಾಜೆಕ್ಟ್ ವರದಿಗಳಲ್ಲಿ ಇದನ್ನು ಕಂಡು ಸಾಕಾಗಿದೆ. ಬರೆದವರೂ ತಿದ್ದಿದವರೂ ಒಂದು ಮಾತು ಮರೆತಿರುತ್ತಾರೆ: ಫ್ರಿಂಜಿಗೆ, ಅಂದರೆ ಎರಡು ಬೆಳಕಿನ ಕಿರಣ ಕೂಡಿದಾಗ ಮೂಡುವ ಆ ಪಟ್ಟೆಗೆ, ಉಷ್ಣತೆ ಗೊತ್ತಿಲ್ಲ. ಎರಡು ಕಿರಣಗಳ ನಡುವಿನ ಪಥ ವ್ಯತ್ಯಾಸ ಎಲ್ಲೆಲ್ಲಿ ಒಂದೇ ಇದೆಯೋ ಆ ಬಿಂದುಗಳನ್ನು ಕೂಡಿಸುವ ಗೆರೆ ಅದು. ಒಂದು ಫ್ರಿಂಜಿನಿಂದ ಮುಂದಿನದಕ್ಕೆ ಒಂದು ತರಂಗಾಂತರದ ವ್ಯತ್ಯಾಸ. ಹೀಲಿಯಂ-ನಿಯಾನ್ ಲೇಸರಾದರೆ 632.8 ನ್ಯಾನೊಮೀಟರ್. ಅಷ್ಟೇ.

ಮಾಖ್-ಜೆಂಡರ್ ವ್ಯತಿಕರಣಮಾಪಕ (ಜೆಂಡರ್ 1891, ಮಾಖ್ 1892) ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಬಿಸಿ ಗಾಳಿಯ ಮೂಲಕ ಹಾಯಿಸಿ ಮತ್ತೆ ಕೂಡಿಸುತ್ತದೆ; ಬಿಸಿಯಾದಂತೆ ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ನಿಧಾನಿಸುವ ಅಳತೆ) ಇಳಿದು ಪಥ ವ್ಯತ್ಯಾಸ ಬದಲಾಗುತ್ತದೆ. ಇದರಲ್ಲಿ ಕೊನೆಯ ಕನ್ನಡಿ ಕೂದಲೆಳೆಯಷ್ಟು ಓರೆಯಾದರೂ ಸಾಕು, ಹೀಟರ್ ಹಚ್ಚುವ ಮೊದಲೇ ನೇರ ಪಟ್ಟೆಗಳು ಬಂದು ನಿಲ್ಲುತ್ತವೆ. ಇದು ಬೆಣೆ ಜೋಡಣೆ. ಇಲ್ಲಿ ಉಷ್ಣತೆ ಇರುವುದು ಪಟ್ಟೆಯಲ್ಲಲ್ಲ, ಪಟ್ಟೆ ತನ್ನ ಮೂಲ ಜಾಗದಿಂದ ಎಷ್ಟು ಬಾಗಿದೆ ಎಂಬುದರಲ್ಲಿ. ಪಟ್ಟೆಯನ್ನೇ ಸಮೋಷ್ಣ ರೇಖೆ ಎಂದು ಓದಿದರೆ ತಣ್ಣಗಿರುವ ಕೋಣೆಯಲ್ಲೂ ಹತ್ತಾರು ಡಿಗ್ರಿ ಏರಿಳಿತ ಕಾಣುತ್ತದೆ. ಪಟ್ಟೆಗಳೆಲ್ಲ ಅಗಲವಾಗಿ, ಇಡೀ ನೋಟ ಒಂದೇ ಬಣ್ಣಕ್ಕೆ ಬರುವವರೆಗೆ ಕನ್ನಡಿ ತಿರುಗಿಸಿದರೆ ಅದು ಅನಂತ ಫ್ರಿಂಜ್ ಜೋಡಣೆ. ಸಮೋಷ್ಣ ರೇಖೆಯ ಮಾತು ಶುರುವಾಗುವುದು ಅಲ್ಲಿಂದ. ಪರೀಕ್ಷೆ ಸುಲಭ: ಹೀಟರ್ ಆರಿಸಿ, ಗಾಳಿ ತಣಿಯಲಿ. ಆಮೇಲೂ ಪಟ್ಟೆ ಉಳಿದಿದ್ದರೆ ಅವು ಕನ್ನಡಿಯವು.

ಅಷ್ಟಾದರೂ ಸಾಲದು. ಬೆಳಕು ಹಾಯುವ ಉದ್ದಕ್ಕೂ ಉಷ್ಣತೆ ಒಂದೇ ಇರಬೇಕು, ಅದು ಹಾಯುವ ಗಾಳಿಯ ಅಥವಾ ನೀರಿನ ಸಂಯೋಜನೆಯೂ ಒಂದೇ ಇರಬೇಕು. ಸಿರ್ಸಿ ಕಡೆಯ ಬೇಯಿಸಿದ ಅಡಿಕೆಯನ್ನು ಒಣಗಿಸುವಾಗ ಫ್ರಿಂಜ್ ತೆಗೆದರೆ ಎರಡೂ ಶರತ್ತು ಮುರಿಯುತ್ತವೆ. ಅಡಿಕೆ ಉರುಟು, ಪಟ್ಟೆಯಲ್ಲಿ ಸಿಗುವುದು ಇಡೀ ದಾರಿಯ ಮೊತ್ತ, ಅದನ್ನು ಆಬೆಲ್ ವಿಲೋಮದಿಂದ (ಮೊತ್ತದಿಂದ ಒಂದೊಂದು ಪದರದ ಬೆಲೆ ಹೊರತೆಗೆಯುವ ಗಣಿತದಿಂದ) ಬಿಡಿಸಬೇಕು. ಜೊತೆಗೆ ಮೇಲ್ಮೈಯಿಂದ ಆವಿ ಏಳುತ್ತದೆ. ಆವಿಯ ಒತ್ತಡ 1 ಕಿಲೊಪಾಸ್ಕಲ್ ಹೆಚ್ಚಿದರೆ ವಕ್ರೀಭವನ ಸೂಚ್ಯಂಕ ಇಳಿಯುವುದು ಸುಮಾರು 0.4 ಡಿಗ್ರಿ ಬಿಸಿಯಾದಷ್ಟು. 50 ಡಿಗ್ರಿಯ ಒದ್ದೆ ಮೇಲ್ಮೈಗೂ ಕೋಣೆಗೂ 9 ಕಿಲೊಪಾಸ್ಕಲ್ ಅಂತರವಿದ್ದರೆ ಮೂರೂವರೆ ಡಿಗ್ರಿಗಿಂತ ಹೆಚ್ಚು ಸುಳ್ಳು ಬಿಸಿ ಸೇರಿಕೊಳ್ಳುತ್ತದೆ.

ಕಾಳಿ ನದಿಯ ಅಳಿವೆಯ ನೀರು ಇನ್ನೂ ಕಷ್ಟ. 10 ಸೆಂಟಿಮೀಟರ್ ತೊಟ್ಟಿಯಲ್ಲಿ ಒಂದು ಫ್ರಿಂಜ್ ಎಂದರೆ ಬರೀ 0.06 ಡಿಗ್ರಿ. ಅದೇ ತೊಟ್ಟಿಯಲ್ಲಿ ಕಿಲೊಗೆ ಒಂದು ಗ್ರಾಂ ಉಪ್ಪಿನ ವ್ಯತ್ಯಾಸವೊಂದೇ ಸುಮಾರು 30 ಫ್ರಿಂಜ್ ಎಬ್ಬಿಸುತ್ತದೆ, ಅದೂ ಬಿಸಿಗೆ ವಿರುದ್ಧ ದಿಕ್ಕಿನಲ್ಲಿ. ಎರಡು ತರಂಗಾಂತರಗಳಲ್ಲಿ ಅಳೆಯದೆ ಬರೀ ಫ್ರಿಂಜಿನಿಂದ ಉಪ್ಪನ್ನೂ ಬಿಸಿಯನ್ನೂ ಬೇರ್ಪಡಿಸಲಾಗದು.

ಶರತ್ತು ಕೂಡಿಬಂದ ಮೇಲೆ ಲೆಕ್ಕ ಸಣ್ಣದು. 30 ಡಿಗ್ರಿ ಗಾಳಿ, ಬೆಳಕಿನ ದಾರಿಯಲ್ಲಿ ಅರ್ಧ ಮೀಟರ್ ಉದ್ದದ ತಟ್ಟೆ: ಒಂದು ಫ್ರಿಂಜಿಗೆ ಸುಮಾರು ಒಂದೂವರೆ ಡಿಗ್ರಿ. ಗೋಡೆಯ (ಅಂದರೆ ತಟ್ಟೆಯ ಮೈಯ) ಬಳಿ ಪಟ್ಟೆಗಳ ಅಂತರ ಅರ್ಧ ಮಿಲಿಮೀಟರ್ ಇದ್ದರೆ ಉಷ್ಣತೆಯ ಇಳಿಜಾರು ಮೀಟರಿಗೆ 3000 ಡಿಗ್ರಿ. ಗಾಳಿಯ ಉಷ್ಣವಾಹಕತೆ 0.026ರಿಂದ ಗುಣಿಸಿದರೆ ಚದರ ಮೀಟರಿಗೆ 78 ವ್ಯಾಟ್. ತಟ್ಟೆ ಗಾಳಿಗಿಂತ 15 ಡಿಗ್ರಿ ಬಿಸಿಯಿದ್ದರೆ ಸಂವಹನ ಗುಣಾಂಕ (ಪ್ರತಿ ಡಿಗ್ರಿ ಅಂತರಕ್ಕೆ ಗಾಳಿ ಒಯ್ಯುವ ಶಾಖ) ಚದರ ಮೀಟರಿಗೆ, ಡಿಗ್ರಿಗೆ 5.2 ವ್ಯಾಟ್. ಗೋಡೆಯ ಉಷ್ಣತೆಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ಜೋಡಿ ತಂತಿ) ಬೇಕೇ ಬೇಕು, ಏಕೆಂದರೆ ಫ್ರಿಂಜ್ ಕೊಡುವುದು ವ್ಯತ್ಯಾಸ ಮಾತ್ರ. ಗೋಡೆಗೆ ಅಂಟಿದ ಮೊದಲ ಪಟ್ಟೆಯನ್ನು ನಂಬಬೇಡಿ. ಕಿರಣ ಬಿಸಿ ಗೋಡೆಯಿಂದ ತಂಪಿನ ಕಡೆಗೆ ಬಾಗುವುದರಿಂದ ಗೋಡೆಯ ಅಂಚೇ ಜಾಗ ಬದಲಿಸಿದಂತೆ ಕಾಣುತ್ತದೆ. ಮೂರು-ನಾಲ್ಕು ಪಟ್ಟೆಗಳ ಮೂಲಕ ವಕ್ರರೇಖೆ ಎಳೆದು ಗೋಡೆಯವರೆಗೆ ಮುಂದುವರಿಸಿ. ಮೈಕೆಲ್ಸನ್ ಜೋಡಣೆಯಾದರೆ ಬೆಳಕು ಅದೇ ಗಾಳಿಯಲ್ಲಿ ಹೋಗಿ ಮರಳುತ್ತದೆ. ಉದ್ದವನ್ನು ಇಮ್ಮಡಿ ಹಿಡಿಯದಿದ್ದರೆ ಗುಣಾಂಕವೂ ಇಮ್ಮಡಿಯಾಗಿ ಬರುತ್ತದೆ.