ಎಡಗೈ ಹಾಕಿ ಸ್ಟಿಕ್ ಅಂಗಡಿಯಲ್ಲಿ ಯಾಕೆ ಸಿಗಲ್ಲ?

ಪ್ರಶ್ನೆ: ನಮ್ಮ ಮಗ ಎಡಚ. ಬೇಸಿಗೆ ರಜೆಯಲ್ಲಿ ಹಾಕಿ ಕ್ಯಾಂಪಿಗೆ ಸೇರಿಸಬೇಕು. ಗೋಣಿಕೊಪ್ಪ, ಮಡಿಕೇರಿ ಎರಡೂ ಕಡೆ ಹುಡುಕಿದೆ, ಎಡಗೈ ಸ್ಟಿಕ್ ಇಲ್ಲ. ಎಡಚರಿಗೆ ಕ್ರಿಕೆಟ್ ಗ್ಲೌಸ್ ಸಿಗುತ್ತೆ, ಇದನ್ನು ಮಾಡೋಕೆ ಕಂಪನಿಯವರಿಗೆ ಏನು ಕಷ್ಟ?
- ವಿರಾಜಪೇಟೆಯ ಓದುಗರೊಬ್ಬರು

ಉತ್ತರ: ಅಂಗಡಿಯವರನ್ನು ಬೈಯಬೇಡಿ. ಸ್ಟಿಕ್ ತಯಾರಾಗುವ ಜಲಂಧರ್, ಮೀರತ್‌ಗೇ ಹೋದರೂ ನಿಮಗೆ ಅದೇ ಉತ್ತರ ಸಿಗುತ್ತದೆ.

ಮನೆಯಲ್ಲಿ ಸ್ಟಿಕ್ ಇದ್ದರೆ ಕೊಕ್ಕೆಯ ತುದಿ ಮೇಲೆ ಬರುವ ಹಾಗೆ ಮುಂದಕ್ಕೆ ಹಿಡಿದು ನೋಡಿ. ಎಡ ಮೈ ಚಪ್ಪಟೆ, ಬಲ ಮೈ ಉಬ್ಬು. ಚಪ್ಪಟೆ ಮೈ ಎಡಕ್ಕೇ ಇರಬೇಕು ಅನ್ನೋದು ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮ. ಉಬ್ಬಿದ ಬೆನ್ನಿನಿಂದ ಚೆಂಡು ಮುಟ್ಟಿದರೆ ಫೌಲ್. ಎಡಗೈ ಸ್ಟಿಕ್ ಅಂದರೆ ಚಪ್ಪಟೆ ಮೈ ಬಲಕ್ಕೆ ಬರಬೇಕು, ಹಾಗೆ ಮಾಡಿದರೂ ಅದನ್ನು ಹಿಡಿದು ಪಂದ್ಯ ಆಡುವ ಹಾಗಿಲ್ಲ. ಬೇರೆ ಅಳತೆಗಳಿಗೂ ಕಟ್ಟು ಇದೆ: ತೂಕ 737 ಗ್ರಾಂ ದಾಟಬಾರದು, ಸ್ಟಿಕ್ಕಿನ ಉದ್ದಕ್ಕೂ ಬಿಲ್ಲಿನ ಹಾಗೆ ಇರುವ ಬಾಗು 25 ಮಿಲಿಮೀಟರ್ ಮೀರಬಾರದು, ಇಡೀ ಸ್ಟಿಕ್ 51 ಮಿಲಿಮೀಟರಿನ ಬಳೆಯೊಳಗೆ ತೂರಬೇಕು. ಆನ್‌ಲೈನ್‌ನಲ್ಲಿ ‘ಲೆಫ್ಟ್’ ಅಂತ ಕಂಡರೆ ಅದು ಐಸ್ ಹಾಕಿಯದ್ದು ಇರಬಹುದು, ತರಿಸಬೇಡಿ.

ಇನ್ನು ಖರ್ಚಿನ ಮಾತು. ಹಿಪ್ಪುನೇರಳೆ ಮರದ ಸ್ಟಿಕ್ಕಿನ ಕಾಲ ಬೇರೆ. ಈಗ ಕಾರ್ಬನ್, ಗಾಜಿನ ನಾರಿನ ಬಟ್ಟೆಗೆ ರಾಳ ಹಿಡಿಸಿ, ಸುತ್ತಿ, ಲೋಹದ ಅಚ್ಚಿನಲ್ಲಿ ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ಆಕಾರ ಬದಲಾದರೆ ಅಚ್ಚೂ ಬದಲಾಗಬೇಕು. 36.5 ಇಂಚು ಉದ್ದಕ್ಕೆ ಒಂದು, 37.5ಕ್ಕೆ ಇನ್ನೊಂದು, ಬಾಗು ಕೆಳಗಿದ್ದರೆ ಮತ್ತೊಂದು. ಅಚ್ಚು ಅಗ್ಗದ್ದಲ್ಲ, ಪಂದ್ಯಕ್ಕೆ ಬಾರದ ಎಡಗೈ ಸ್ಟಿಕ್ಕಿಗೆ ಅಂತ ಯಾರು ಬೇರೆ ಅಚ್ಚು ಮಾಡಿಸ್ತಾರೆ? ಇರುವ ಅಚ್ಚಿನಲ್ಲೇ ಕಾರ್ಬನ್ ಜಾಸ್ತಿ ಕಮ್ಮಿ ಮಾಡಿ, ಬಣ್ಣ ಬದಲಿಸಿ, ಹೊಸ ಹೆಸರಿಟ್ಟರೆ ಹೊಸ ಮಾಡೆಲ್! ಅಂಗಡಿ ಗೋಡೆಯ ಇಪ್ಪತ್ತು ಸ್ಟಿಕ್ಕಿನ ಬಣ್ಣ ಕೆರೆದರೆ ಉಳಿಯೋದು ನಾಲ್ಕೈದು ಆಕಾರ ಅಷ್ಟೇ ಅಂತ ನನ್ನ ಅಂದಾಜು.

ಹಾಗಂತ ಮಗನ ಬಗ್ಗೆ ಚಿಂತೆ ಬೇಡ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಿಂದ ನಡೀತಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿದ್ದವು. ಅಷ್ಟು ಜನರಲ್ಲಿ ಎಡಚರು ಇರಲ್ವಾ? ಅವರೂ ಇದೇ ಸ್ಟಿಕ್ಕಿನಲ್ಲೇ ಆಡಿದವರು.

ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಚೆಂಡನ್ನು ಆಚೆ ಈಚೆ ಆಡಿಸುವಾಗ ಸ್ಟಿಕ್ ತಿರುಗಿಸೋದು ಎಡ ಮಣಿಕಟ್ಟೇ. ಬಲಗೈ ಸಡಿಲವಾಗಿ ಹಿಡಿದಿರುತ್ತೆ, ಸ್ಟಿಕ್ ಅದರೊಳಗೆ ಸುಮ್ನೆ ಉರುಳುತ್ತೆ. ಬಲಗೈ ಮಕ್ಕಳು ಒದ್ದಾಡೋದೇ ಇಲ್ಲಿ. ನಿಮ್ಮವನಿಗೆ ಇದು ಬೇಗ ಕೂಡಿಬರಬಹುದು. ಹೊಡೆತ ಕಲಿಯೋಕೆ ಮಾತ್ರ ಸ್ವಲ್ಪ ಹೆಚ್ಚು ದಿನ ಹಿಡಿದೀತು. ಮೊದಮೊದಲು ಬಲಗೈಯನ್ನು ಮೇಲೆ ಹಾಕ್ತಾನೆ, ಆಗಲೇ ತಿದ್ದಿಬಿಡಿ.

ಕೊಳ್ಳುವಾಗ ಸ್ಟಿಕ್ಕನ್ನು ಅವನ ಪಕ್ಕದಲ್ಲಿ ನಿಲ್ಲಿಸಿ. ಸೊಂಟದ ಮೂಳೆವರೆಗೆ ಬಂದರೆ ಸಾಕು. ಎರಡು ವರ್ಷ ಬರಲಿ ಅಂತ ಉದ್ದದ್ದು ತರಬೇಡಿ.