ಊಟದ ಹೊತ್ತಿನ ಕೆಮ್ಮಿಗೂ ಮತ್ತೆ ಮತ್ತೆ ಬರುವ ನ್ಯುಮೋನಿಯಾಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ನನ್ನ ಮಗನಿಗೆ ಮೂರು ವರ್ಷ. ಹುಟ್ಟಿದಾಗ ತಡವಾಗಿ ಅತ್ತ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ, ಎಂದು ಹೇಳಿದ್ದಾರೆ. ಊಟ ಮಾಡಿಸುವಾಗ ಆಗಾಗ ನೆತ್ತಿಗೇರುತ್ತದೆ. ಒಂದು ವರ್ಷದಲ್ಲಿ ಮೂರು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದೆವು. ಮನೆಯ ಹಿರಿಯರು ಇದು ಶೀತದ ಮೈ ಎಂದು ಮೊಸರು, ಬಾಳೆಹಣ್ಣು ಎರಡನ್ನೂ ನಿಲ್ಲಿಸಿದ್ದಾರೆ. ಆದರೂ ಎದೆಯಲ್ಲಿ ಗೊರಗೊರ ಹೋಗುತ್ತಿಲ್ಲ. ಊಟಕ್ಕೂ ಇದಕ್ಕೂ ಏನಾದರೂ ಸಂಬಂಧ ಇರಬಹುದೇ?
– ಒಬ್ಬ ತಾಯಿ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಇರುವ ಸಾಧ್ಯತೆ ಬಹಳ ಹೆಚ್ಚು, ತಾಯಿ. ವರ್ಷದೊಳಗೆ ಎರಡು ಸಲ ಅಥವಾ ಹುಟ್ಟಿದಂದಿನಿಂದ ಒಟ್ಟು ಮೂರು ಸಲ ನ್ಯುಮೋನಿಯಾ ಆದರೆ ಪ್ರತಿ ಸಲವೂ ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದರೆ ಸಾಲದು, ಅದರ ಹಿಂದಿನ ಕಾರಣ ಹುಡುಕಬೇಕು. ಆಸ್ತಮಾ, ಕ್ಷಯ, ಹೃದಯದಲ್ಲಿ ರಂಧ್ರ, ರೋಗನಿರೋಧಕ ಶಕ್ತಿಯ ಕೊರತೆ, ಇವೆಲ್ಲವೂ ಕಾರಣವಾಗಬಹುದು. ಆದರೆ ಸೆರೆಬ್ರಲ್ ಪಾಲ್ಸಿ ಇರುವ, ತಿನ್ನುವಾಗ ಪದೇ ಪದೇ ನೆತ್ತಿಗೇರುವ ಮಗುವಿನಲ್ಲಿ ಮೊದಲ ಅನುಮಾನ ಹೋಗಬೇಕಾದದ್ದು ನುಂಗುವಿಕೆಯ ಮೇಲೆಯೇ.

ಬಾಯಿಯ ಹಿಂದೆ, ಗಂಟಲಿನಲ್ಲಿ, ಗಾಳಿಗೂ ಅನ್ನಕ್ಕೂ ಇರುವುದು ಒಂದೇ ದಾರಿ. ಅದರ ಕೆಳಗೆ ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ಗುಕ್ಕು ಗಂಟಲಿಗೆ ಬಂದ ಕ್ಷಣ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ, ಅದರ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಷ್ಟೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಆಗಿಹೋಗಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಕೈಕಾಲಿನ ಸ್ನಾಯುಗಳು ಹಿಡಿತಕ್ಕೆ ಸಿಗದಂತೆಯೇ ನಾಲಗೆ ಮತ್ತು ಗಂಟಲಿನ ಸ್ನಾಯುಗಳೂ ಸಿಗುವುದಿಲ್ಲ. ಮುಚ್ಚಿಕೊಳ್ಳುವುದು ತುಸು ತಡವಾದರೆ ಸಾಕು, ಹಾಲೋ ಸಾರೋ ಜೊಲ್ಲೋ ಶ್ವಾಸನಾಳಕ್ಕೆ ಇಳಿಯುತ್ತದೆ. ಅದರ ಜೊತೆಗೆ ಬಾಯಿಯ ರೋಗಾಣುಗಳೂ ಶ್ವಾಸಕೋಶ ಸೇರುತ್ತವೆ. ಬಲಗಡೆಯ ಶ್ವಾಸನಾಳದ ಕವಲು ಹೆಚ್ಚು ಅಗಲ, ಹೆಚ್ಚು ನೇರ. ಹಾಗಾಗಿ ಇಂಥ ಸೋಂಕು ಬಲಗಡೆ ಹೆಚ್ಚು. ಹಿಂದಿನ ಎಕ್ಸ್‌ರೇಗಳನ್ನು ಎಸೆಯದೆ ಎಲ್ಲವನ್ನೂ ಒಟ್ಟಿಗೆ ವೈದ್ಯರ ಮುಂದಿಡಿ. ಕಲೆ ಪ್ರತಿ ಸಲವೂ ಒಂದೇ ಜಾಗದಲ್ಲಿದೆಯೇ ಎಂಬುದು ಆಗ ಅವರಿಗೆ ತಿಳಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಕೆಮ್ಮು ಬಂದಿಲ್ಲ ಎಂದರೆ ಅಪಾಯವಿಲ್ಲ ಎಂದು ತಿಳಿಯಬೇಡಿ. ನರಗಳ ತೊಂದರೆ ಇರುವ ಎಷ್ಟೋ ಮಕ್ಕಳಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಏಳುವುದೇ ಇಲ್ಲ. ಅಂಥ ಮಗುವಿನಲ್ಲಿ ಬೇರೆ ಗುರುತುಗಳನ್ನು ನೋಡಬೇಕು: ಎರಡು ಗುಟುಕು ಕುಡಿದ ಮೇಲೆ ದನಿ ಒದ್ದೆಯಾದಂತೆ ಕೇಳುವುದು, ಕಣ್ಣಲ್ಲಿ ನೀರು, ತುಟಿ ಬಣ್ಣ ಕಳೆದುಕೊಳ್ಳುವುದು, ಊಟದ ನಡುವೆ ಉಸಿರು ಜೋರಾಗುವುದು, ಒಂದು ಬಟ್ಟಲು ಊಟಕ್ಕೆ ಅರ್ಧ ಗಂಟೆ ಮೀರುವುದು, ತೂಕ ಏರದಿರುವುದು.

ಮೊಸರು, ಬಾಳೆಹಣ್ಣು ನಿಲ್ಲಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಅವುಗಳಿಂದ ನ್ಯುಮೋನಿಯಾ ಬರುವುದಿಲ್ಲ. ಗಟ್ಟಿ ಮೊಸರು, ಗಂಟಿಲ್ಲದಂತೆ ನುಣ್ಣಗೆ ಕಿವುಚಿದ ಬಾಳೆಹಣ್ಣು ಬಾಯಲ್ಲಿ ಚೆದುರದೆ ನಿಧಾನವಾಗಿ ಸರಿಯುತ್ತವೆ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಇವೇ ಸುಲಭ. ಕಷ್ಟವಾಗುವುದು ನೀರು, ತೆಳು ಹಾಲು, ನೀರು ಮಜ್ಜಿಗೆ, ತಿಳಿಸಾರು. ಗಂಟಲು ಸಿದ್ಧವಾಗುವ ಮೊದಲೇ ಅವು ಹರಿದುಬಿಡುತ್ತವೆ. ಇನ್ನೂ ಕಷ್ಟ ಸಾರನ್ನ, ಏಕೆಂದರೆ ನೀರು ಬೇರೆ, ಅಗುಳು ಬೇರೆಯಾಗಿ ಎರಡು ವೇಗದಲ್ಲಿ ಇಳಿಯುತ್ತವೆ. ನಮ್ಮ ಕಡೆಯ ಮುದ್ದೆಯನ್ನು ದೊಡ್ಡವರು ಅಗಿಯದೆ ನುಂಗುತ್ತಾರೆ. ಈ ಮಗುವಿಗೆ ಆ ಅಂಟು ತುತ್ತು ಕೊಡಲೇಬೇಡಿ. ಅದರ ಬದಲು ಸೋಸಿದ ಹಿಟ್ಟಿನ ರಾಗಿ ಸರಿಯನ್ನು ಚಮಚದಿಂದ ನಿಧಾನವಾಗಿ ಜಾರುವ ಹದಕ್ಕೆ ಬೇಯಿಸಿ. ಬಸ್ಸಾರಿನ ಬೇಳೆ, ಸೊಪ್ಪನ್ನು ಖಾರವಿಲ್ಲದೆ ನುಣ್ಣಗೆ ರುಬ್ಬಿಕೊಡಬಹುದು. ಆದರೆ ಎಷ್ಟು ಗಟ್ಟಿ ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಅತಿ ಗಟ್ಟಿಯಾದರೆ ಗಂಟಲಲ್ಲಿ ಉಳಿದು ಆಮೇಲೆ ಜಾರುತ್ತದೆ, ಆದ್ದರಿಂದ ಹದವನ್ನು ತಜ್ಞರು ನೋಡಿ ಹೇಳಬೇಕು. ಒಂದು ವರ್ಷದೊಳಗಿನ ಕೂಸಿನ ಹಾಲನ್ನಂತೂ ನೀವಾಗಿಯೇ ಗಟ್ಟಿ ಮಾಡಬಾರದು. ಗುಕ್ಕು ಇಳಿಯಲಿ ಎಂದು ಮೇಲಿಂದ ನೀರು ಹುಯ್ಯುವ ಅಭ್ಯಾಸವನ್ನು ಇವತ್ತೇ ಬಿಡಿ.

ಆಹಾರದಷ್ಟೇ ಮುಖ್ಯವಾದದ್ದು ಕೂರಿಸುವ ಬಗೆ. ಮಗುವನ್ನು ಕಾಲ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ವಾಲಿದ ಸ್ಥಿತಿಯಲ್ಲಿ ತಿನ್ನಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ಕತ್ತು ಹಿಂದಕ್ಕೆ ಹೋದರೆ ಶ್ವಾಸನಾಳದ ಬಾಯಿ ತೆರೆದುಕೊಳ್ಳುತ್ತದೆ. ಉಸಿರು ನಿಂತವರಿಗೆ ಕೃತಕ ಉಸಿರು ಕೊಡುವಾಗ ತಲೆಯನ್ನು ಹಿಂದಕ್ಕೆ ಬಾಗಿಸುವುದು ಇದಕ್ಕಾಗಿಯೇ. ನಿಮಗೆ ಬೇಕಾದದ್ದು ಇದರ ತಿರುವುಮುರುವು. ಎರಡು ಗೋಡೆ ಸೇರುವ ಮೂಲೆಯಲ್ಲಿ ಮಗುವನ್ನು ಕೂರಿಸಿ, ಅಕ್ಕಪಕ್ಕ ದಿಂಬು ಇಡಿ. ಬೆನ್ನು ನೆಟ್ಟಗೆ, ಸೊಂಟ ಮಡಿಸಿ, ಪಾದಕ್ಕೆ ಆಧಾರ, ಗಲ್ಲ ತುಸು ಕೆಳಗೆ. ನೀವು ಅವನ ಕಣ್ಣಿನ ಮಟ್ಟದಲ್ಲಿ ಎದುರಿಗೆ ಕುಳಿತುಕೊಳ್ಳಿ. ನಿಂತು ತಿನ್ನಿಸಿದರೆ ಅವನು ಮುಖ ಮೇಲೆತ್ತುತ್ತಾನೆ. ಚಿಕ್ಕ ಚಮಚದಲ್ಲಿ ಅರ್ಧ ಮಾತ್ರ ತುಂಬಿ, ನಾಲಗೆಯ ನಡುವೆ ಮೆತ್ತಗೆ ಒತ್ತಿ ಹೊರತೆಗೆಯಿರಿ. ಗಂಟಲ ಗುಬ್ಬಿ ಮೇಲೆದ್ದು ಇಳಿಯುವುದನ್ನು ನೋಡಿಯೇ ಮುಂದಿನ ಗುಕ್ಕು. ಅಳುವಾಗ, ತೂಕಡಿಸುವಾಗ, ಏದುಸಿರು ಬಿಡುವಾಗ ತಿನ್ನಿಸಬೇಡಿ; ಮೂಗು ಹಿಡಿದು ಬಾಯಿ ತೆರೆಸಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು, ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೂ ಅದೇ ಅಪಾಯ.

ನಿಮ್ಮ ಮನೆಯಲ್ಲಿ ಎಳೆಗೂಸುಗಳಿದ್ದರೆ ಇದನ್ನೂ ನೆನಪಿಡಿ. ಒಳಲೆಯಲ್ಲಿ ಹಾಲು ಕುಡಿಸುವುದು ತಪ್ಪಲ್ಲ. ಮಲಗಿಸಿ ಒಂದೇ ಸಮನೆ ಹುಯ್ಯುವುದು ತಪ್ಪು. ಎರೆಯುವಾಗ ಮೂಗಿಗೆ ಎಣ್ಣೆ ಬಿಡುವುದು, ಬಲವಂತವಾಗಿ ಹರಳೆಣ್ಣೆ ಕುಡಿಸುವುದು ಬೇಡವೇ ಬೇಡ. ಎಣ್ಣೆ ಕೆಮ್ಮನ್ನೂ ಎಬ್ಬಿಸದೆ ಶ್ವಾಸಕೋಶಕ್ಕೆ ಇಳಿದು, ಆಂಟಿಬಯೋಟಿಕ್‌ಗೆ ಬಗ್ಗದ ಬೇರೆಯದೇ ಬಗೆಯ ನ್ಯುಮೋನಿಯಾ ತರುತ್ತದೆ.

ದಿನಕ್ಕೆರಡು ಸಲ ಹಲ್ಲು, ನಾಲಗೆ, ಒಸಡು ಶುಚಿ ಮಾಡಿ. ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದನ್ನು ಪೂರ್ತಿ ತಡೆಯಲಾಗದಿದ್ದರೂ ಅದರಲ್ಲಿರುವ ರೋಗಾಣುಗಳನ್ನು ಕಡಿಮೆ ಮಾಡಬಹುದು. ಫಿಟ್ಸ್‌ಗೆ ಮಾತ್ರೆ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕೆಲವು ಔಷಧಿಗಳು ಮಂಪರು ತರುತ್ತವೆ, ಜೊಲ್ಲು ಹೆಚ್ಚಿಸುತ್ತವೆ. ಹಾಗೆಂದು ನೀವಾಗಿಯೇ ನಿಲ್ಲಿಸುವಂತಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು? ಮೊದಲು ಒಂದು ಪೂರ್ತಿ ಊಟವನ್ನು ಮೊಬೈಲ್‌ನಲ್ಲಿ ಚಿತ್ರಿಸಿಕೊಳ್ಳಿ. ಮುಖ, ಕತ್ತು, ಎದೆ ಕಾಣುವಂತಿರಲಿ. ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಯಾವ ವೈದ್ಯರಿಗೂ ಮಗು ಊಟ ಮಾಡುವುದನ್ನು ನೋಡಲು ಆಗುವುದಿಲ್ಲ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಅಂಗನವಾಡಿಗೆ ಬರುವ ಅದರ ತಂಡಕ್ಕೆ ಹೇಳಿ, ಇಲ್ಲವೇ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರನ್ನು ಕಂಡು ನುಂಗುವಿಕೆಯ ಪರೀಕ್ಷೆಗೆ ಪತ್ರ ಕೇಳಿ. ಬೇರಿಯಂ ಬೆರೆಸಿದ ಆಹಾರ ಕೊಟ್ಟು, ಅದು ಇಳಿಯುವ ದಾರಿಯನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡುವ ಪರೀಕ್ಷೆಗೆ ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ನುಂಗುವ ತರಬೇತಿ ಕೊಡುವವರು ವಾಕ್ ಮತ್ತು ಭಾಷಾ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೇವೆ ಇದೆ.

ಮಧ್ಯೆ ಜ್ವರ ಬಂದರೆ, ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದೊಳಗಿನವರಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಪಕ್ಕೆ ಸೆಳೆತ, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ.

ಇಷ್ಟಾದರೂ ಸೋಂಕು ನಿಲ್ಲದೆ, ತೂಕ ಏರದೆ ಹೋದರೆ ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಿಸುವ ಮಾತು ಬರಬಹುದು. ತಾಯಂದಿರು ಇದನ್ನು ಕೇಳಿ ಕುಸಿದುಹೋಗುತ್ತಾರೆ. ತಾನು ಸರಿಯಾಗಿ ಉಣಿಸಲಿಲ್ಲ ಎಂದುಕೊಳ್ಳುತ್ತಾರೆ. ಹಾಗೆ ದಯವಿಟ್ಟು ತಿಳಿಯಬೇಡಿ. ಟ್ಯೂಬಿನಿಂದ ಮಗುವಿಗೆ ಬೇಕಾದಷ್ಟು ಆಹಾರ, ನೀರು, ಮಾತ್ರೆ ತಪ್ಪದೆ ಸೇರುತ್ತವೆ. ತಜ್ಞರು ಸುರಕ್ಷಿತ ಎಂದರೆ ರುಚಿಗೆ ಒಂದೆರಡು ಚಮಚ ಬಾಯಿಯಿಂದಲೂ ಕೊಡಬಹುದು. ಆದರೆ ಜೊಲ್ಲು ಆಗಲೂ ಗಂಟಲಿಗೆ ಇಳಿಯುತ್ತಿರುತ್ತದೆ, ಹೊಟ್ಟೆಯಿಂದ ಮೇಲೆ ಬರುವುದೂ ಉಂಟು. ಹಾಗಾಗಿ ಬಾಯಿ ಶುಚಿ ಮಾಡುವುದನ್ನು, ಕೂರಿಸಿಯೇ ಆಹಾರ ಕೊಡುವುದನ್ನು ಟ್ಯೂಬ್ ಹಾಕಿದ ಮೇಲೂ ಮುಂದುವರಿಸಬೇಕು.